ಪಿಕಪ್‌ ಗಾಡಿಯ ಹಿಂದಿನ ಬಾಗಿಲು: ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಓಡುವ ಒಂದು ಪಿಕಪ್‌ ಗಾಡಿ ಏನೇನು ಹೊರುತ್ತದೆ ನೋಡಿ. ಮಹಾಲಿಂಗಪುರದ ಪೇಟೆಗೆ ಬೆಲ್ಲದ ಪೆಂಟಿ, ಬನಹಟ್ಟಿಯ ಮಗ್ಗದ ಮನೆಗೆ ಹಾಸಿನ ಬೀಮು, ರಬಕವಿಯಿಂದ ಸೀರೆಯ ಗಂಟು, ಸಂತೆಗೆ ಆಡು-ಕುರಿ, ಹೊಲಕ್ಕೆ ಗೊಬ್ಬರದ ಚೀಲ, ತೋಟದಿಂದ ದಾಳಿಂಬೆಯ ಕ್ರೇಟು, ದನಕ್ಕೆ ಕಬ್ಬಿನ ಸೋಗೆ. ಸರಕು ದಿನಕ್ಕೊಂದು ಬಗೆಯದು. ಹಿಂದಿನ ಬಾಗಿಲು ಮಾತ್ರ ಎಲ್ಲಕ್ಕೂ ಒಂದೇ: ಎರಡು ಚಿಲಕ ಬಿಡಿಸಿದರೆ ಕೆಳಗೆ ಬೀಳುವ ತಗಡು.

ಈ ಬಾಗಿಲು ಮೂರು ಕೆಲಸ ಮಾಡಬೇಕು ಎಂಬುದು ನನ್ನ ವಾದ. ಈಗಿನ ಹಾಗೆ ಕೆಳಗೂ ಬೀಳಬೇಕು, ಮನೆಯ ಬಾಗಿಲಿನಂತೆ ಪಕ್ಕಕ್ಕೂ ತೆರೆಯಬೇಕು, ಮಡಚುವ ಮೆಟ್ಟಿಲಿಗೆ ಆಧಾರವಾಗಿ ಜಾರುಹಲಗೆಗೂ ಎಡೆ ಕೊಡಬೇಕು. ಇದನ್ನು ಕೇಳಿದ ಗಾಡಿ ಮಾಲೀಕರೂ ಬಾಡಿ ಕಟ್ಟುವ ಮೇಸ್ತ್ರಿಗಳೂ ಬಲವಾದ ಆಕ್ಷೇಪಗಳನ್ನೇ ಎತ್ತಿದ್ದಾರೆ. ಅವು ಅನುಭವದಿಂದ ಬಂದ ಮಾತುಗಳು, ತಳ್ಳಿಹಾಕುವಂಥವಲ್ಲ. ಆದ್ದರಿಂದ ಒಂದೊಂದನ್ನೂ ಎದುರಿಗಿಟ್ಟುಕೊಂಡು ಉತ್ತರಿಸುತ್ತೇನೆ.

1. “ಇದು ಅಮೆರಿಕದವರ ಶೋಕಿ, ನಮ್ಮೂರಿನ ಗಾಡಿಗೆ ಯಾಕೆ?”

ಎರಡು ಕಡೆ ತೆರೆಯುವ ಬಾಗಿಲು ಅಮೆರಿಕದಲ್ಲಿ ಮೊದಲು ಜನಪ್ರಿಯವಾಯಿತು, ನಿಜ. 1966ರ ಮಾದರಿಯ ಫೋರ್ಡ್‌ ಸ್ಟೇಷನ್‌ ವ್ಯಾಗನ್‌ಗಳಲ್ಲಿ ಕೆಳಕ್ಕೂ ಪಕ್ಕಕ್ಕೂ ತೆರೆಯುವ ಬಾಗಿಲು ಬಂತು. ಹೋಂಡಾ ಕಂಪನಿ ಅದೇ ಉಪಾಯವನ್ನು 2005ರಲ್ಲಿ ರಿಡ್ಜ್‌ಲೈನ್‌ ಪಿಕಪ್‌ಗೆ ತಂದಿತು. ಜಿಎಂಸಿ ಕಂಪನಿ 2019ರ ಸಿಯೆರಾ ಗಾಡಿಗೆ ಆರು ಬಗೆಯಲ್ಲಿ ಮಡಚುವ ಬಾಗಿಲು ಕೊಟ್ಟಿತು. ಅಲ್ಲಿ ಪಿಕಪ್‌ ಕೊಳ್ಳುವ ಬಹಳಷ್ಟು ಜನರಿಗೆ ಅದು ಮನೆಯ ಗಾಡಿ. ವಾರಕ್ಕೊಮ್ಮೆ ಸಾಮಾನು ತುಂಬಿದರೆ ಹೆಚ್ಚು. ನಮ್ಮಲ್ಲಿ ಅದು ಹೊಟ್ಟೆಪಾಡಿನ ಗಾಡಿ, ಬಾಗಿಲು ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುತ್ತದೆ. ಅಪರೂಪಕ್ಕೆ ಹೊರೆ ಹೊರುವವರಿಗೇ ಬೇಕಾದ ಅನುಕೂಲ, ದಿನವೂ ಹೊರುವವರಿಗೆ ಶೋಕಿ ಹೇಗಾದೀತು?

ಆರು ಮಡಿಕೆಯ ಬಾಗಿಲನ್ನು ಇಲ್ಲಿಗೆ ತರಬೇಕೆಂದು ನಾನು ಕೇಳುತ್ತಿಲ್ಲ. ನಮ್ಮ ಸರಕಿಗೆ ಬೇಕಾದ ಮೂರು ಕೆಲಸವನ್ನು ನಮ್ಮ ವೆಲ್ಡಿಂಗ್‌ ಅಂಗಡಿಯಲ್ಲೇ ಮಾಡಬಹುದಾದ ರೀತಿಯಲ್ಲಿ ಮಾಡೋಣ ಎನ್ನುತ್ತಿದ್ದೇನೆ. “ನಮ್ಮಿಂದ ಆಗದು” ಎನ್ನುವವರು ಚಿಕ್ಕಪಡಸಲಗಿಯ ಬ್ಯಾರೇಜನ್ನು ನೆನೆಯಲಿ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಜಮಖಂಡಿ ಭಾಗದ ರೈತರು ಸ್ವಂತ ಹಣ, ಸ್ವಂತ ದುಡಿಮೆಯಿಂದ ಕೃಷ್ಣೆಗೇ ಅಡ್ಡಗಟ್ಟಿದರು. ಹೊಳೆಗೆ ಬಾಗಿಲು ಇಟ್ಟ ಸೀಮೆಗೆ ಗಾಡಿಯ ಬಾಗಿಲು ದೊಡ್ಡ ಮಾತಲ್ಲ.

2. “ಹಮಾಲರು ಇದ್ದಾರಲ್ಲ, ಅವರಿಗೆ ರೂಢಿಯಾಗಿದೆ”

ಇದು ನನ್ನನ್ನು ಹೆಚ್ಚು ನೋಯಿಸಿದ ಆಕ್ಷೇಪ. ರೂಢಿಯಾದ ಮಾತ್ರಕ್ಕೆ ಸೊಂಟದ ಮೂಳೆ ಬದಲಾಗುವುದಿಲ್ಲ.

ಬಾಗಿಲು ಕೆಳಗೆ ಬಿದ್ದು ಅಡ್ಡಲಾಗಿ ನಿಂತಾಗ ಏನಾಗುತ್ತದೆ? ಸುಮಾರು 45 ಸೆಂ.ಮೀ. ತಗಡು ಹಮಾಲರಿಗೂ ಗಾಡಿಯ ತಳಕ್ಕೂ ನಡುವೆ ಚಾಚಿಕೊಳ್ಳುತ್ತದೆ. ಒಳಗಿರುವ 50 ಕೆ.ಜಿ. ಚೀಲವನ್ನು ಎಳೆಯಲು ಅಷ್ಟು ದೂರ ಮುಂದಕ್ಕೆ ಬಾಗಬೇಕು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್‌ 1991ರಲ್ಲಿ ಪರಿಷ್ಕರಿಸಿದ ಲೆಕ್ಕ ಹೀಗಿದೆ: ಹೊರೆ ಕಾಲಿನಿಂದ 25 ಸೆಂ.ಮೀ. ದೂರದಲ್ಲಿದ್ದು ಉಳಿದ ಎಲ್ಲವೂ ಅನುಕೂಲವಾಗಿದ್ದರೆ 23 ಕೆ.ಜಿ.ವರೆಗೆ ಎತ್ತಬಹುದು. ದೂರ 50 ಸೆಂ.ಮೀ. ಆದರೆ ಆ ಮಿತಿ ಅರ್ಧಕ್ಕೆ, ಅಂದರೆ 11.5 ಕೆ.ಜಿ.ಗೆ ಇಳಿಯುತ್ತದೆ. 63 ಸೆಂ.ಮೀ. ದಾಟಿದರೆ ಎತ್ತಲೇಬಾರದು. ನಮ್ಮ ಚೀಲ ಮೊದಲೇ 23 ಕೆ.ಜಿ. ಮಿತಿಯ ಎರಡು ಪಟ್ಟಿಗಿಂತ ಭಾರ. ಅದರ ಮೇಲೆ ಬಾಗಿಲು ದೂರವನ್ನೂ ಸೇರಿಸುತ್ತಿದೆ.

ಬಾಗಿಲು ಪಕ್ಕಕ್ಕೆ ತೆರೆದರೆ ಮೈ ನೇರವಾಗಿ ತಳದ ಅಂಚಿಗೆ ತಾಗುತ್ತದೆ, ಚೀಲ ಎದೆಯ ಹತ್ತಿರ ಬರುತ್ತದೆ. ಹಾಗೆಂದು ಕೆಳಗೆ ಬೀಳುವ ಬಾಗಿಲು ನಿರುಪಯೋಗಿ ಎನ್ನಲಾರೆ. ಇಬ್ಬರಿದ್ದಾಗ ಒಬ್ಬರು ಪೆಂಟಿಯನ್ನು ಬಾಗಿಲ ಮೇಲೆ ಇಡುತ್ತಾರೆ, ಒಳಗಿದ್ದವರು ಎಳೆದುಕೊಳ್ಳುತ್ತಾರೆ. ಗೋದಾಮಿನ ಕಟ್ಟೆಗೆ ಗಾಡಿ ಹಚ್ಚಿದಾಗ ಅದೇ ಬಾಗಿಲು ಸೇತುವೆಯಾಗುತ್ತದೆ. ಎರಡೂ ಬೇಕು ಎನ್ನುವುದು ಇದಕ್ಕಾಗಿಯೇ. ಹಮಾಲರ ಕೆಲಸ ಹೋಗುತ್ತದೆಂಬ ಭಯವೂ ಬೇಡ. ಚೀಲ ತಾನಾಗಿ ಇಳಿಯುವುದಿಲ್ಲ. ಇಳಿಸುವವರು ಐವತ್ತನೆಯ ವಯಸ್ಸಿನಲ್ಲೂ ನೆಟ್ಟಗೆ ನಿಲ್ಲುವಂತಾಗಲಿ ಎಂಬುದಷ್ಟೇ ಮಾತು.

3. “ತೂಕ ಹೆಚ್ಚುತ್ತದೆ, ಹೊರೆ ಕಡಿಮೆಯಾಗುತ್ತದೆ”

ಲೆಕ್ಕ ಮಾಡೋಣ. 1.7 ಮೀಟರ್‌ ಅಗಲ, 45 ಸೆಂ.ಮೀ. ಎತ್ತರ, 1.6 ಮಿ.ಮೀ. ದಪ್ಪದ ಉಕ್ಕಿನ ತಗಡು 10 ಕೆ.ಜಿ.ಗಿಂತ ತುಸು ಕಡಿಮೆ ತೂಗುತ್ತದೆ. ಚೌಕಟ್ಟಿನ ತೂಕ ಬೇರೆ, ಅದು ಈಗಲೂ ಇದೆ. ಹೊಸದಾಗಿ ಸೇರುವುದು ಪಕ್ಕದ ಬಿಜಾಗರಿ, ಎರಡನೆಯ ಚಿಲಕ, ಮಡಚುವ ಮೆಟ್ಟಿಲು, ದಪ್ಪ ಸರಪಳಿ. ಧಾರಾಳವಾಗಿ 25 ಕೆ.ಜಿ. ಎಂದೇ ಹಿಡಿಯಿರಿ. 1,300 ಕೆ.ಜಿ. ಹೊರುವ ಗಾಡಿಗೆ ಅದು ಶೇ 2ಕ್ಕಿಂತ ಕಡಿಮೆ. 750 ಕೆ.ಜಿ. ಹೊರುವ ಸಣ್ಣ ಗಾಡಿಗೆ ಶೇ 3ರಷ್ಟು, ಅಂದರೆ ಅರ್ಧ ಚೀಲ. ತಗಡಿನ ಬದಲು 3 ಮಿ.ಮೀ. ಅಲ್ಯೂಮಿನಿಯಂ ಹಾಕಿದರೆ ಅದೇ ಅಳತೆಯ ಹಾಳೆ ಸುಮಾರು 6 ಕೆ.ಜಿ. ಆಗುತ್ತದೆ. ಆಗ ಅರ್ಧ ಚೀಲದಲ್ಲೂ ಒಂದು ಪಾಲು ಉಳಿಯುತ್ತದೆ.

ಇದೇ ಆಕ್ಷೇಪದಲ್ಲಿ ಒಂದು ಸತ್ಯವೂ ಇದೆ, ಅದನ್ನು ಒಪ್ಪಬೇಕು. ಬಾಗಿಲನ್ನೇ ಇಳಿಜಾರಾಗಿ ಮಾಡುವ ಆಸೆ ನಮ್ಮ ಗಾಡಿಗೆ ಹೊಂದುವುದಿಲ್ಲ. ತಳ ನೆಲದಿಂದ 75 ಸೆಂ.ಮೀ. ಮೇಲಿದೆ ಎನ್ನಿ, 45 ಸೆಂ.ಮೀ. ಬಾಗಿಲು ನೆಲವನ್ನೇ ಮುಟ್ಟದು. ಮೂರಕ್ಕೆ ಒಂದರ ಇಳಿಜಾರು ಬೇಕೆಂದರೆ ಹಲಗೆಯ ಉದ್ದ ಎರಡೂಕಾಲು ಮೀಟರ್‌ ದಾಟಬೇಕು. ಮಡಿಕೆಯ ಮೇಲೆ ಮಡಿಕೆ ಸೇರಿಸುತ್ತ ಹೋದರೆ ಬಾಗಿಲನ್ನು ಒಬ್ಬರಿಂದ ಎತ್ತಲಾಗದು. ಅದಕ್ಕೇ ನಾನು ಹೇಳುವುದು: ತಳದ ಅಂಚಿನಲ್ಲಿ ಕೊಂಡಿ ಸಿಗಿಸುವ ತೂತುಗಳಿರಲಿ, ಎರಡು ಬಿಡಿ ಹಲಗೆಗಳು ಗಾಡಿಯ ಪಕ್ಕದ ಗೋಡೆಗೆ ಕಟ್ಟಿಕೊಂಡಿರಲಿ. ಬನಹಟ್ಟಿಯಲ್ಲಿ ಬೀಮು ಉರುಳಿಸಿ ಏರಿಸಲು ಈಗಲೂ ಹಲಗೆ ಬಳಸುವವರಿದ್ದಾರೆ. ಜಾರದಂತೆ ಹಿಡಿಯುವ ಕೊಂಡಿಯೊಂದು ಅವರಿಗೆ ಸಿಗಬೇಕು.

4. “ದನ-ಕುರಿಗೆ ಇಷ್ಟೆಲ್ಲ ಏಕೆ? ಎತ್ತಿ ಹಾಕಿದರಾಯಿತು”

ಹೀಗೆನ್ನುವವರಿಗೆ ಉತ್ತರ ಹಳೆಯ ಕಾನೂನಿನಲ್ಲೇ ಇದೆ. 1978ರ ಪ್ರಾಣಿ ಸಾಗಣೆ ನಿಯಮಗಳು ಸರಕು ಗಾಡಿಯಲ್ಲಿ ದನ ಒಯ್ಯುವುದಕ್ಕೆ ವಿಶೇಷ ಬಗೆಯ ಹಿಂದಿನ ಬಾಗಿಲು ಇರಬೇಕು, ಪಕ್ಕಗಳಿಗೆ ಮೆತ್ತೆ ಇರಬೇಕು ಎನ್ನುತ್ತವೆ. ಸಾಧಾರಣ ಗಾಡಿಯಾದರೆ ತಳದಲ್ಲಿ ಜಾರದ ಹಾಸು ಇರಬೇಕು ಎಂದೂ ಹೇಳುತ್ತವೆ. ಹಿಂದಿನ ಬಾಗಿಲಿಗೆ ವಿಶೇಷ ವಿನ್ಯಾಸ ಬೇಕೆಂದು ನಾಲ್ಕು ದಶಕಗಳಿಗೂ ಹಿಂದೆಯೇ ಬರೆದಿಟ್ಟ ದೇಶ ನಮ್ಮದು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆಮೇಲೆ ಸೇರಿದ ತಿದ್ದುಪಡಿ ಹಸು-ಎಮ್ಮೆಗೆ ತಲಾ 2 ಚದರ ಮೀಟರ್‌, ಆಡು-ಕುರಿಗೆ ತಲಾ 0.3 ಚದರ ಮೀಟರ್‌ ಜಾಗ ಬೇಕೆನ್ನುತ್ತದೆ. 2.7 ಮೀಟರ್‌ ಉದ್ದ, 1.7 ಮೀಟರ್‌ ಅಗಲದ ಪಿಕಪ್‌ನಲ್ಲಿ ಆ ಲೆಕ್ಕಕ್ಕೆ ಎರಡು ದನ ಅಥವಾ ಹದಿನೈದು ಕುರಿ ಹಿಡಿಯುತ್ತವೆ.

ಕಾಲು ಹಿಡಿದು ಎತ್ತಿ ಎಸೆದ ಆಡಿನ ಕಾಲು ಮುರಿದರೆ ಸಂತೆಯಲ್ಲಿ ಅದರ ಬೆಲೆ ಬಿದ್ದುಹೋಗುತ್ತದೆ. ಜಾರದ ಹಲಗೆಯ ಮೇಲೆ ತಾನೇ ನಡೆದು ಹತ್ತಿದ ಪ್ರಾಣಿ ಹೆದರುವುದೂ ಕಡಿಮೆ. ದಯೆಗೂ ಲಾಭಕ್ಕೂ ಇಲ್ಲಿ ಜಗಳವೇ ಇಲ್ಲ.

5. “ಬಿಜಾಗರಿ ಹೆಚ್ಚಿದಷ್ಟು ರಿಪೇರಿ ಹೆಚ್ಚು”

ಮೇಸ್ತ್ರಿಗಳ ಈ ಮಾತಿಗೆ ತೂಕವಿದೆ. ನಮ್ಮ ಭಾಗದ ಸರಕು ಕಬ್ಬಿಣಕ್ಕೆ ಶತ್ರು. ಪೊಟ್ಯಾಷ್‌ ಗೊಬ್ಬರದಲ್ಲಿರುವ ಕ್ಲೋರೈಡ್‌ ಉಕ್ಕನ್ನು ತಿನ್ನುತ್ತದೆ, ಯೂರಿಯಾ ತೇವ ಹೀರುತ್ತದೆ, ಬೆಲ್ಲದ ಅಂಟು ಕೀಲಿನಲ್ಲಿ ಧೂಳನ್ನು ಹಿಡಿದಿಡುತ್ತದೆ. ಇವೆಲ್ಲ ಒಳ್ಳೆಯ ವಿನ್ಯಾಸ ಬೇಕೆನ್ನುವುದಕ್ಕೆ ಕಾರಣಗಳು. ಕೀಲಿನ ಪಿನ್ನು ತುಕ್ಕು ಹಿಡಿಯದ ಉಕ್ಕಿನದಾಗಲಿ. ಪ್ರತಿ ಕೀಲಿಗೂ ಗ್ರೀಸ್‌ ಹೊಡೆಯುವ ನಿಪ್ಪಲ್‌ ಇರಲಿ. ಬಾಗಿಲಿನ ಕೆಳಗಿನ ಪಟ್ಟಿಯಲ್ಲಿ ನೀರು ಇಳಿದುಹೋಗಲು ತೂತಿರಲಿ.

ಗಟ್ಟಿತನಕ್ಕೂ ಲೆಕ್ಕವಿದೆ. ಹಮಾಲರೊಬ್ಬರು ಚೀಲ ಹೊತ್ತು ತೆರೆದ ಬಾಗಿಲಿನ ಹೊರ ಅಂಚಿನಲ್ಲಿ ನಿಂತರೆ ಒಟ್ಟು ಭಾರ 150 ಕೆ.ಜಿ. ಎನ್ನೋಣ. ಸರಪಳಿಗಳು 45 ಡಿಗ್ರಿ ಓರೆಯಲ್ಲಿದ್ದರೆ ಪ್ರತಿಯೊಂದರ ಮೇಲೆ ಸುಮಾರು 106 ಕೆ.ಜಿ. ಎಳೆತ ಬೀಳುತ್ತದೆ. ಒಂದೇ ಮೂಲೆಯಲ್ಲಿ ನಿಂತರೆ ಒಂದೇ ಸರಪಳಿ 212 ಕೆ.ಜಿ. ತಡೆಯಬೇಕು. ಮೇಲಿಂದ ಧೊಪ್ಪನೆ ಇಳಿದರೆ ಇನ್ನೂ ಹೆಚ್ಚು. ಹಾಗಾಗಿ ಪ್ರತಿ ಸರಪಳಿ, ಅದರ ಕೊಂಡಿ, ಅದು ಹಿಡಿದಿರುವ ಬೆಸುಗೆ ಮೂರೂ ಕನಿಷ್ಠ 800 ಕೆ.ಜಿ. ತಾಳುವಂತಿರಬೇಕು. ಈಗಿನ ಎಷ್ಟೋ ಗಾಡಿಗಳಲ್ಲಿ ಇಂಥ ಲೆಕ್ಕವೇ ಇಲ್ಲ, ಕೈಗೆ ಸಿಕ್ಕ ಸರಪಳಿ ಕಟ್ಟಿರುತ್ತಾರೆ. ಅಪಾಯ ಹೊಸ ಬಾಗಿಲಿನದೋ ಹಳೆಯದರದೋ, ಓದುಗರೇ ತೀರ್ಮಾನಿಸಲಿ.

ಇನ್ನೊಂದು ಕಡ್ಡಾಯದ ಮಾತು. ಕೆಳಗಿನ ಪಿನ್ನೂ ಪಕ್ಕದ ಪಿನ್ನೂ ಏಕಕಾಲಕ್ಕೆ ಬಿಚ್ಚಿದರೆ ಇಡೀ ಬಾಗಿಲು ಕಾಲ ಮೇಲೆ ಬೀಳುತ್ತದೆ. ಒಂದು ಹಿಡಿ ಎತ್ತಿದಾಗ ಇನ್ನೊಂದು ಹಿಡಿ ಅಲುಗದಂತೆ ಅಡ್ಡಪಟ್ಟಿ ಹಾಕಲೇಬೇಕು. ಇದಿಲ್ಲದ ಎರಡು ದಿಕ್ಕಿನ ಬಾಗಿಲನ್ನು ಯಾರೂ ಕಟ್ಟಬಾರದು, ಯಾರೂ ಕೊಳ್ಳಬಾರದು.

6. “ಆರ್‌ಟಿಒ ಬಿಡುವುದಿಲ್ಲ”

ಕಾನೂನಿನ ಭಯ ಸುಳ್ಳಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಇಂಥ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು ಅಥವಾ ಎರಡೂ ಎಂದಿತು. ರಸ್ತೆಗೆ ಬಂದ ಗಾಡಿಯನ್ನು ಯಾರನ್ನೂ ಕೇಳದೆ ಕೊಯ್ದು ಬೆಸೆಯಿರಿ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ದಾರಿ ಬೇರೆ ಇದೆ. ಕಂಪನಿಗಳು ಕ್ಯಾಬಿನ್‌ ಮತ್ತು ಚಾಸಿ ಮಾತ್ರ ಇರುವ ಪಿಕಪ್‌ಗಳನ್ನೂ ಮಾರುತ್ತವೆ. ಅವುಗಳ ಬಾಡಿಯನ್ನು ಸ್ಥಳೀಯವಾಗಿ ಕಟ್ಟಿಸಿ, ತಪಾಸಣೆ ಮಾಡಿಸಿ, ಆಮೇಲೆ ನೋಂದಣಿ ಮಾಡಿಸುತ್ತಾರೆ. ಹೊಸ ಬಾಗಿಲು ಆ ಹಂತದಲ್ಲೇ ಸೇರಲಿ. ಕೆಎ 48 ಸಂಖ್ಯೆ ಕೊಡುವ ಕಚೇರಿ ನಮ್ಮ ಜಮಖಂಡಿಯಲ್ಲೇ ಇದೆ, ಕೇಳಿ ತಿಳಿಯಲು ಬೆಂಗಳೂರಿಗೆ ಹೋಗಬೇಕಿಲ್ಲ. ಹಳೆಯ ಗಾಡಿಯವರು ಮೊದಲು ಅಲ್ಲಿ ಅನುಮತಿ ವಿಚಾರಿಸಲಿ, ವಿಮೆ ಕಂಪನಿಗೂ ತಿಳಿಸಲಿ. ಎಲ್ಲಕ್ಕಿಂತ ಒಳ್ಳೆಯದು ತಯಾರಕರೇ ಇದನ್ನು ಕಾರ್ಖಾನೆಯಿಂದ ಕೊಡುವುದು. ಟಾಟಾ ಕಂಪನಿಯ ಕಾರ್ಖಾನೆ ಧಾರವಾಡದಲ್ಲೇ ಇದೆ. ನಮ್ಮ ಮಾಲೀಕರ ಸಂಘಗಳು ಒಟ್ಟಾಗಿ ಕೇಳಿದರೆ ಕಿವಿಗೆ ಬೀಳದಷ್ಟು ದೂರವೇನಲ್ಲ.

7. “ಬಾಗಿಲು ತೆರೆದೇ ಓಡಿಸುತ್ತಾರೆ, ಸರಕು ಹೊರಚಾಚುತ್ತದೆ”

ಈ ತಪ್ಪು ಈಗಿನ ಬಾಗಿಲಿನಲ್ಲೂ ನಡೆಯುತ್ತಿದೆ. ಬಾಗಿಲು ಇಳಿಬಿಟ್ಟು ಅದರ ಮೇಲೆ ಪೈಪು, ಸೋಗೆ ಹೊರಚಾಚಿಕೊಂಡು ರಾತ್ರಿ ಓಡುವ ಗಾಡಿಗಳನ್ನು ನಾವೆಲ್ಲ ಕಂಡಿದ್ದೇವೆ. ಕಬ್ಬಿನ ಹಂಗಾಮಿನಲ್ಲಿ ಸಾಲು ಟ್ರ್ಯಾಕ್ಟರ್‌ಗಳ ನಡುವೆ ಓಡಾಡುವ ಬೈಕಿನವರಿಗೆ ಅದು ಎಷ್ಟು ಅಪಾಯವೆಂದು ಬಿಡಿಸಿ ಹೇಳಬೇಕಿಲ್ಲ. ಮಿತಿ ಮೀರಿ ಸರಕು ಹೊರಚಾಚಿದರೆ ಕಾಯ್ದೆ 20,000 ರೂಪಾಯಿ ದಂಡ ಹೇಳುತ್ತದೆ. ಆರು ಮೀಟರ್‌ ಪೈಪಿಗೆ ಉದ್ದದ ಗಾಡಿಯೇ ಬೇಕು, ಯಾವ ಬಾಗಿಲೂ ಅದಕ್ಕೆ ಪರಿಹಾರವಲ್ಲ.

ವಿನ್ಯಾಸದಿಂದ ಈ ಚಟವನ್ನು ಕಷ್ಟವಾಗಿಸಬಹುದು. ನಂಬರ್‌ ಪ್ಲೇಟು, ಹಿಂದಿನ ದೀಪ, ಪ್ರತಿಫಲಕಗಳು ಬಾಗಿಲಿನ ಮೇಲಿರದೆ ಕದಲದ ಚೌಕಟ್ಟಿನ ಮೇಲೆ, ಬಾಗಿಲು ಇಳಿದರೂ ಮುಚ್ಚಿಹೋಗದ ಜಾಗದಲ್ಲಿ ಇರಲಿ. ಬಾಗಿಲು ಹಾಕಿಲ್ಲದಿದ್ದರೆ ಕ್ಯಾಬಿನ್‌ನಲ್ಲಿ ಕೆಂಪು ದೀಪ ಹೊತ್ತಿಸುವ ಸಣ್ಣ ಸ್ವಿಚ್ಚು ಇರಲಿ.

ಏಳು ಆಕ್ಷೇಪಗಳಲ್ಲಿ ಎರಡು, ಅಂದರೆ ತುಕ್ಕಿನದೂ ಕಾನೂನಿನದೂ, ಕೆಲಸವನ್ನು ಎಚ್ಚರದಿಂದ ಮಾಡಿ ಎಂದು ಕಲಿಸುತ್ತವೆ. ಉಳಿದ ಐದು ಆಕ್ಷೇಪಗಳು ಕೆಲಸವನ್ನೇ ಮಾಡಬೇಡಿ ಎನ್ನುತ್ತವೆ, ಅಷ್ಟು ಹೇಳಲು ಅವುಗಳಲ್ಲಿರುವ ಆಧಾರ ಸಾಲದು. ಹೊಸ ಪಿಕಪ್‌ ಕೊಳ್ಳಲಿರುವ ನಮ್ಮ ನಾಲ್ಕು ತಾಲ್ಲೂಕಿನ ಮಾಲೀಕರಲ್ಲಿ ನನ್ನ ವಿನಂತಿ ಇಷ್ಟೇ: ಬಾಡಿ ಕಟ್ಟಿಸಲು ಮುಂಗಡ ಕೊಡುವ ಮೊದಲು ಮೇಸ್ತ್ರಿಯ ಜೊತೆ ಹಮಾಲರೊಬ್ಬರನ್ನೂ ಕೂರಿಸಿಕೊಂಡು ಹಿಂದಿನ ಬಾಗಿಲಿನ ಬಗ್ಗೆ ಮಾತಾಡಿ. ದಿನವೂ ಅದರ ಮುಂದೆ ಬಾಗುವವರು ಅವರು. ಅದು ಹೇಗಿರಬೇಕೆಂದು ಹೇಳುವ ಮೊದಲ ಹಕ್ಕು ಅವರದೇ.