ಮಂಗನ ಕಾಯಿಲೆಯ ಸೀಮೆಗೆ ನರವಿಜ್ಞಾನದ ಸಂಶೋಧನಾ ವ್ಯಾಸಂಗ ಬೇಕು: ಕೆರೆಕಟ್ಟೆ ಸುತ್ತಿನವರ ಮನವಿ

ದಿನಾಂಕ: 06-10-2025
ಸ್ಥಳ: ಕೆರೆಕಟ್ಟೆ, ಶೃಂಗೇರಿ ತಾಲ್ಲೂಕು

ಇವರಿಗೆ,
ಪ್ರಧಾನ ಕಾರ್ಯದರ್ಶಿಗಳು,
ವೈದ್ಯಕೀಯ ಶಿಕ್ಷಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮುಖಾಂತರ: ಮಾನ್ಯ ಜಿಲ್ಲಾಧಿಕಾರಿಗಳು, ಚಿಕ್ಕಮಗಳೂರು ಜಿಲ್ಲೆ.

ಇವರಿಂದ: ಕೆರೆಕಟ್ಟೆ ಮತ್ತು ಸುತ್ತಲಿನ ಹಳ್ಳಿಗಳ ನಿವಾಸಿಗಳು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ವಿಜ್ಞಾನ ಪದವಿ ವಿದ್ಯಾರ್ಥಿಗಳು ಮತ್ತು ಅವರ ಪೋಷಕರು.

ವಿಷಯ: ಚಿಕ್ಕಮಗಳೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ನರವಿಜ್ಞಾನದ ಪಿಎಚ್.ಡಿ. ವ್ಯಾಸಂಗಕ್ಕೆ ಅವಕಾಶ ಕಲ್ಪಿಸಿ, ಅದರ ಕ್ಷೇತ್ರಕಾರ್ಯವನ್ನು ನಮ್ಮ ಮೂರು ತಾಲ್ಲೂಕುಗಳಲ್ಲಿ ನಡೆಸುವ ಬಗ್ಗೆ.

ಮಾನ್ಯರೇ,

ಮಳೆಗಾಲದಲ್ಲಿ ಪತ್ರಿಕೆಗಳ ಮಳೆ ವರದಿ ಓದುವವರಿಗೆ ಕೆರೆಕಟ್ಟೆಯ ಹೆಸರು ಹೊಸದಲ್ಲ. ಶೃಂಗೇರಿಯಿಂದ ಕಾರ್ಕಳಕ್ಕೆ ಹೋಗುವ 169ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ನೆಮ್ಮಾರು ದಾಟಿದ ಮೇಲೆ, ಎಸ್.ಕೆ. ಬಾರ್ಡರ್ ಮುಟ್ಟುವ ಮೊದಲು ಸಿಗುವ ಊರು ನಮ್ಮದು. ಸುತ್ತ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಮಳೆ ಹಿಂದೆ ಸರಿದು ಚಳಿ ಬಿದ್ದ ಮೇಲೆ ನಮ್ಮ ತಾಲ್ಲೂಕುಗಳ ಹೆಸರು ಪತ್ರಿಕೆಯ ಇನ್ನೊಂದು ಪಟ್ಟಿಯಲ್ಲಿ ಬರತೊಡಗುತ್ತದೆ. ಅದು ಮಂಗನ ಕಾಯಿಲೆಯ ಪಟ್ಟಿ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಅದರ ಕಾಲ. ಈ ಮನವಿಯನ್ನು ಅಕ್ಟೋಬರ್ ಮೊದಲ ವಾರದಲ್ಲೇ ಸಲ್ಲಿಸುತ್ತಿರುವುದಕ್ಕೆ ಕಾರಣವೂ ಅದೇ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಈ ವೈರಾಣುವನ್ನು ಗುರುತಿಸಿದರು. ಉಣುಗು ಕಚ್ಚುವುದರಿಂದ ಹರಡುವ ಇದು, ರಷ್ಯಾ ಮತ್ತು ಯುರೋಪಿನ ಕಾಡುಗಳಲ್ಲಿ ಮಿದುಳಿನ ಉರಿಯೂತ ತರುವ ವೈರಾಣುಗಳ ಬಳಗಕ್ಕೇ ಸೇರಿದ್ದು. ಈ ನೆಂಟಸ್ತಿಕೆ ಅಂದಿನಿಂದಲೂ ಗೊತ್ತಿದೆ. ಆದರೂ ನಮ್ಮಲ್ಲಿ ಇದರ ಬಗ್ಗೆ ನಡೆಯುವ ಮಾತೆಲ್ಲ ಜ್ವರ, ರಕ್ತಸ್ರಾವ, ಸಾವಿನ ಸಂಖ್ಯೆ, ಲಸಿಕೆ ಇಷ್ಟಕ್ಕೇ ನಿಲ್ಲುತ್ತದೆ. ಮಿದುಳಿನ ಮಾತು ಬರುವುದಿಲ್ಲ.

ಕಾಯಿಲೆ ಎರಡು ಸುತ್ತಿನಲ್ಲಿ ಬರುತ್ತದೆ ಎಂಬುದು ತಮಗೆ ತಿಳಿಯದ್ದಲ್ಲ. ಮೊದಲ ಸುತ್ತಿನಲ್ಲಿ ದಿಢೀರ್ ಜ್ವರ, ಹಣೆ ಒಡೆಯುವಂಥ ತಲೆನೋವು, ಸೊಂಟ ಮತ್ತು ಮೀನಖಂಡ ಹಿಂಡಿದಂಥ ನೋವು, ಕೆಂಪಾದ ಕಣ್ಣು. ಜ್ವರ ಬಿಡುತ್ತದೆ. ಹೆಚ್ಚಿನವರು ಅಲ್ಲಿಗೆ ಪಾರಾಗುತ್ತಾರೆ. ಕೆಲವರಿಗೆ ಒಂದೆರಡು ವಾರ ಕಳೆದು ಎರಡನೇ ಸುತ್ತು ಶುರುವಾಗುತ್ತದೆ. ಆಗ ಕಾಣುವುದು ಕತ್ತು ಬಿಗಿತ, ಕೈಕಾಲು ನಡುಕ, ತಲೆಸುತ್ತು, ಬುದ್ಧಿ ಕಲಕಿದ ಮಾತು.

ಈ ಎರಡರ ನಡುವಿನ ದಿನಗಳಲ್ಲಿ ಏನಾಗುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇವೆ. ಕಾಯಿಲೆಯ ಕಾಲವೂ ಅಡಿಕೆ ಕೊಯ್ಲು, ಕಾಫಿ ಕೊಯ್ಲಿನ ಕಾಲವೂ ಒಂದೇ. ಕೂಲಿಯವರು ಜ್ವರ ಬಿಟ್ಟ ವಾರಕ್ಕೇ ಕೆಲಸಕ್ಕೆ ಇಳಿಯುತ್ತಾರೆ. ಇಳಿಯದಿದ್ದರೆ ಮನೆ ನಡೆಯುವುದಿಲ್ಲ. ದರಗು ಗುಡಿಸಲು ಹೋಗಿ ಕಾಯಿಲೆ ಹತ್ತಿಸಿಕೊಂಡು, ಗುಣವಾಗಿ ಮನೆಗೆ ಬಂದಿದ್ದ ನಮ್ಮ ಕಡೆಯ ಹೆಣ್ಣುಮಗಳೊಬ್ಬರು ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕೂತರು. ಕಾಯನ್ನು ಅಲಗಿಗೆ ಒತ್ತುವಾಗ ಕೈ ನಡುಗಿ ಬೆರಳು ಕೊಯ್ದುಕೊಂಡರು. ಮನೆಯವರು ನಿಶ್ಶಕ್ತಿ ಎಂದುಕೊಂಡು ಪೇಟೆಯಿಂದ ಟಾನಿಕ್ ತಂದರು. ಮಾರನೆಯ ದಿನ ಮತ್ತೆ ಜ್ವರ. ಬೆಳಕು ನೋಡಲಾಗದಷ್ಟು ತಲೆನೋವು. ಮಗನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆದರು. ಆಮೇಲೆ ಘಟ್ಟ ಇಳಿದು ದೊಡ್ಡಾಸ್ಪತ್ರೆ ಸೇರಿದ್ದು, ಬದುಕಿದ್ದು ಎಲ್ಲ ಆಯಿತು. ಕಾಗದದಲ್ಲಿ ಅವರು ಗುಣಮುಖರು. ಅವರು ಮತ್ತೆ ಮೆಟ್ಟುಗತ್ತಿಯ ಮುಂದೆ ಕೂರಬಲ್ಲರೇ, ರಾತ್ರಿ ನಿದ್ರೆ ಬರುತ್ತದೆಯೇ, ಲೆಕ್ಕ ತಪ್ಪುತ್ತದೆಯೇ ಎಂದು ಆರು ತಿಂಗಳ ನಂತರ ಮನೆಗೆ ಬಂದು ಕೇಳಿದವರಿಲ್ಲ. ಆಶಾ ಕಾರ್ಯಕರ್ತೆಯರನ್ನು ದೂರುತ್ತಿಲ್ಲ. ಉಣುಗು ದೂರವಿಡುವ ಎಣ್ಣೆ ಹಂಚುವುದು, ಜ್ವರದ ಲೆಕ್ಕ ಬರೆಯುವುದು, ಸತ್ತ ಮಂಗದ ಸುದ್ದಿ ಮುಟ್ಟಿಸುವುದು ಇವೆಲ್ಲ ಅವರ ತಲೆಯ ಮೇಲೆಯೇ ಇವೆ. ಮಿದುಳಿನ ಪರೀಕ್ಷೆ ಅವರಿಗೆ ಯಾರೂ ಕಲಿಸಿದ ವಿದ್ಯೆಯಲ್ಲ.

ಅದನ್ನು ಕಲಿತವರು ಎಲ್ಲಿದ್ದಾರೆ? ಬೆಂಗಳೂರಿನಲ್ಲಿದ್ದಾರೆ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಶುರುವಾಗಿ, 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ ನರಶರೀರಕ್ರಿಯಾ ವಿಜ್ಞಾನಕ್ಕೊಂದು ವಿಭಾಗ, ನರರಸಾಯನಕ್ಕೊಂದು, ನರವ್ಯೂಹದ ವೈರಾಣುಗಳಿಗೇ ಒಂದು ವಿಭಾಗವಿದೆ. ಮಿದುಳು ಬ್ಯಾಂಕ್ ಕೂಡ ಇದೆ. ಎಂ.ಎಸ್‌ಸಿ. ಮುಗಿಸಿದವರಿಗೆ ಅಲ್ಲಿ ಪಿಎಚ್.ಡಿ. ಬಾಗಿಲು ತೆರೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ನರವಿಜ್ಞಾನದ ಕೇಂದ್ರವಿದೆ. ಇವು ನಮ್ಮ ರಾಜ್ಯದಲ್ಲೇ ಇವೆ ಎಂಬ ಹೆಮ್ಮೆ ನಮಗಿದೆ. ಆದರೆ ಪ್ರಯೋಗಾಲಯವಿರುವುದು ಹೊಸೂರು ರಸ್ತೆಯಲ್ಲಿ, ಕಾಯಿಲೆಯಿರುವುದು ಘಟ್ಟದ ಮೇಲೆ.

ಸಂಶೋಧಕರು ಊರಿಗೆ ಬಂದು ನೆಲೆಸಿದರೆ ಏನಾಗುತ್ತದೆ ಎಂಬುದಕ್ಕೆ ರಾಜ್ಯದಲ್ಲೇ ಉದಾಹರಣೆಗಳಿವೆ. 1990ರ ದಶಕದಲ್ಲಿ ಡಾ. ಕೆ.ಎಸ್. ಮಣಿ ಅವರ ತಂಡ ಯಳಂದೂರಿನ ಹಳ್ಳಿಗಳಲ್ಲಿ ಮೂರ್ಛೆರೋಗಿಗಳನ್ನು ಹುಡುಕಿ, ಅಗ್ಗದ ಹಳೆಯ ಮಾತ್ರೆಗಳಿಂದಲೇ ಹೆಚ್ಚಿನವರ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿತು. ಅದೇ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಸಿದಾಗ, ಮೂರ್ಛೆರೋಗ ನಗರದಲ್ಲಿ ಸಾವಿರಕ್ಕೆ ಆರರಷ್ಟಿದ್ದರೆ ಹಳ್ಳಿಗಳಲ್ಲಿ ಹನ್ನೆರಡರಷ್ಟು, ಅಂದರೆ ಇಮ್ಮಡಿ, ಕಂಡುಬಂತು. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯಿಟ್ಟು ಮರೆವಿನ ಕಾಯಿಲೆಯ ಅಧ್ಯಯನ ನಡೆಸುತ್ತಿದೆ. ಅಷ್ಟು ದೂರವೇಕೆ, ಕೊಪ್ಪದ ಗಡಿಗೆ ಹೊಂದಿದ ತೀರ್ಥಹಳ್ಳಿಯಲ್ಲೇ ನಿಮ್ಹಾನ್ಸ್‌ನ ಮನೋವೈದ್ಯರು ಸ್ಕಿಜೋಫ್ರೇನಿಯಾ ಇರುವವರನ್ನು ಮನೆಮನೆಯಲ್ಲಿ ಗುರುತಿಸಿ, ಚಿಕಿತ್ಸೆ ಕೊಡಿಸಿ, ವರ್ಷಗಳ ಕಾಲ ಬೆನ್ನುಹತ್ತಿ ನೋಡಿದ್ದಾರೆ. ಔಷಧ ತಪ್ಪದೆ ಸಿಕ್ಕವರು ದಿನನಿತ್ಯದ ಕೆಲಸಕ್ಕೆ ಮರಳಿದ್ದನ್ನು ದಾಖಲಿಸಿದ್ದಾರೆ. ಸಂಶೋಧನೆಯೂ ಚಿಕಿತ್ಸೆಯೂ ಒಟ್ಟಿಗೆ ಸಾಗಿದ ಕೆಲಸ ಅದು. ನಾವು ಕೇಳುತ್ತಿರುವುದು ಅಂಥದ್ದನ್ನೇ.

ಇನ್ನೊಂದು ಮಾತು ಹೇಳದೆ ಇರಲಾಗದು. ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ಎಲೆ ತುಕ್ಕು ರೋಗ, ಕಾಂಡಕೊರಕ ಎಂದರೆ ಓಡಿ ಬರುವ ವಿಜ್ಞಾನಿಗಳು ಗಿಡದ ಪಕ್ಕದಲ್ಲೇ ಮನೆ ಮಾಡಿಕೊಂಡು ನೂರು ವರ್ಷ ಕಳೆದರು. ಕಾಫಿಗೆ ಅದು ಸಲ್ಲಬೇಕಾದದ್ದೇ. ಅದರಿಂದಲೇ ನಮ್ಮಲ್ಲಿ ಎಷ್ಟೋ ಮನೆಗಳು ಬದುಕಿವೆ. ಆ ಗಿಡದ ಬುಡ ಬಿಡಿಸುವ ಆಳಿನ ಮಿದುಳಿಗೆ ಮಾತ್ರ ಅಂಥ ಒಬ್ಬ ನೆರೆಯವರಿಲ್ಲ.

ಈಗ ನಮ್ಮ ಮಕ್ಕಳ ವಿಷಯ. ಶೃಂಗೇರಿ, ಕೊಪ್ಪದ ಕಾಲೇಜುಗಳಲ್ಲಿ ಬಿ.ಎಸ್‌ಸಿ. ಓದುವವರು ಮುಂದೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಜೀವರಸಾಯನ, ಪ್ರಾಣಿಶಾಸ್ತ್ರ, ಜೈವಿಕ ತಂತ್ರಜ್ಞಾನದ ಎಂ.ಎಸ್‌ಸಿ. ಮಾಡುತ್ತಾರೆ. ಅಲ್ಲಿಂದಾಚೆಗೆ ಬಹುತೇಕರು ಔಷಧ ಕಂಪನಿ ಸೇರುತ್ತಾರೆ, ಇಲ್ಲವೇ ಬಿ.ಇಡಿ. ಮಾಡುತ್ತಾರೆ. ವೈದ್ಯರಲ್ಲದವರೂ ವೈದ್ಯಕೀಯ ಕಾಲೇಜಿನಲ್ಲಿ ಮಿದುಳಿನ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆಯಬಹುದು ಎಂಬ ಸಂಗತಿ ಅನೇಕರಿಗೆ ಗೊತ್ತೇ ಇಲ್ಲ. ಗೊತ್ತಿದ್ದವರೂ ಬೆಂಗಳೂರಿನ ಬಾಡಿಗೆಯ ಲೆಕ್ಕ ಹಾಕಿ ಹಿಂದೆ ಸರಿಯುತ್ತಾರೆ. ಜಿಲ್ಲಾ ಕೇಂದ್ರದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ 2022ರಲ್ಲಿ ಮೊದಲ ತಂಡ ಸೇರಿದ ಮೇಲೆ ನಮಗೆ ಆಸೆ ಹುಟ್ಟಿದೆ. ಆ ಆಸೆ ಎಂ.ಬಿ.ಬಿ.ಎಸ್. ಸೀಟಿಗಷ್ಟೇ ಸೀಮಿತವಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇವು.

ಎಲ್ಲಕ್ಕಿಂತ ಮೊದಲು, ಚಿಕ್ಕಮಗಳೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿ ನರವಿಜ್ಞಾನದ ಪಿಎಚ್.ಡಿ.ಗೆ ಅವಕಾಶ ಮಾಡಿಕೊಡಬೇಕು. ಕಾಲೇಜು ಹೊಸದು, ಅರ್ಹ ಮಾರ್ಗದರ್ಶಕರು ಸಾಲದು ಎಂಬ ಉತ್ತರ ಬರಬಹುದು. ಅದಕ್ಕೆ ದಾರಿಯಿದೆ. ಒಬ್ಬ ಮಾರ್ಗದರ್ಶಕರು ಕಾಲೇಜಿನ ಶರೀರಕ್ರಿಯಾ ವಿಭಾಗ ಅಥವಾ ಮೆಡಿಸಿನ್ ವಿಭಾಗದಿಂದ, ಇನ್ನೊಬ್ಬರು ನಿಮ್ಹಾನ್ಸ್‌ನಿಂದ ಇರುವಂತೆ ಎರಡೂ ಸಂಸ್ಥೆಗಳ ನಡುವೆ ಒಡಂಬಡಿಕೆ ಮಾಡಿಸಬೇಕು. ವಿದ್ಯಾರ್ಥಿ ಪ್ರಯೋಗಾಲಯದ ವಿದ್ಯೆಯನ್ನು ಬೆಂಗಳೂರಿನಲ್ಲಿ ಕಲಿಯಲಿ. ಡಿಸೆಂಬರ್‌ನಿಂದ ಮೇವರೆಗೆ ಮಾತ್ರ ನಮ್ಮ ತಾಲ್ಲೂಕುಗಳಲ್ಲೇ ಇರಬೇಕೆಂಬುದನ್ನು ನಿಯಮವಾಗಿಯೇ ಬರೆಯಬೇಕು. ಶನಿವಾರ ಬಂದು ಭಾನುವಾರ ಹೋಗುವ ಕ್ಷೇತ್ರಕಾರ್ಯ ಬೇಡ.

ಎರಡನೆಯದು, ಮಂಗನ ಕಾಯಿಲೆಯಿಂದ ಬದುಕುಳಿದವರ ದಾಖಲೆ. ಸೋಂಕು ಶಿವಮೊಗ್ಗದ ವೈರಸ್ ಪ್ರಯೋಗಾಲಯದಲ್ಲಿ ಖಚಿತವಾದ ಪ್ರತಿಯೊಬ್ಬರನ್ನೂ, ಅವರು ಒಪ್ಪಿದರೆ, ಜ್ವರ ಬಿಟ್ಟ ಮೇಲಿನ ಮೂರು ವಾರ ವಾರಕ್ಕೊಮ್ಮೆ ನೋಡಬೇಕು. ಆಮೇಲೆ ಆರು ತಿಂಗಳಿಗೆ, ವರ್ಷಕ್ಕೆ, ಎರಡು ವರ್ಷಕ್ಕೆ ನೋಡಬೇಕು. ಕೈ ನಡುಕ, ನಡಿಗೆ, ನೆನಪು, ನಿದ್ರೆ, ಮನಸ್ಸಿನ ಸ್ಥಿತಿ ಪರೀಕ್ಷಿಸಲು ದೊಡ್ಡ ಯಂತ್ರ ಬೇಕಿಲ್ಲ. ತರಬೇತಾದ ಒಬ್ಬರು ಮತ್ತು ಅವರಿಗೆ ಸಮಯ ಬೇಕು. ಎರಡನೇ ಸುತ್ತು ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ, ಏಕೆ ಎಂಬುದೇ ಒಬ್ಬ ಒಳ್ಳೆಯ ವಿದ್ಯಾರ್ಥಿಯ ಪ್ರಬಂಧಕ್ಕೆ ಸಾಕಾಗುವಷ್ಟು ದೊಡ್ಡ ಪ್ರಶ್ನೆ. ಹಳೆಯ ಲಸಿಕೆ ನಿಂತಿದೆ, ಹೊಸದರ ಕೆಲಸ ನಡೆಯುತ್ತಿದೆ. ಹೊಸ ಲಸಿಕೆ ಮಿದುಳಿಗೂ ರಕ್ಷಣೆ ಕೊಡುತ್ತದೆಯೇ ಎಂದು ಮುಂದೆ ಅಳೆಯಬೇಕಾದರೂ ಈ ದಾಖಲೆ ಬೇಕೇ ಬೇಕು.

ಇದಕ್ಕೆಲ್ಲ ಕೊಪ್ಪ ಅಥವಾ ಶೃಂಗೇರಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಕೋಣೆ, ಒಂದು ಇಇಜಿ ಯಂತ್ರ, ತಿಂಗಳಿಗೊಮ್ಮೆ ಬರುವ ನರರೋಗ ತಜ್ಞರು ಬೇಕು. ಯಂತ್ರ ಸಂಶೋಧನೆಗೆ ಬಂದರೂ ಊರಿನ ಮೂರ್ಛೆರೋಗಿಗಳಿಗೂ ಸಿಗಬೇಕು. ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮದಡಿ ಸರ್ಕಾರ ಜಿಲ್ಲಾ ಆಸ್ಪತ್ರೆಗಳ ಮಟ್ಟಕ್ಕೆ ತಂದಿರುವ ಸೇವೆಯನ್ನು ಇನ್ನೊಂದು ಮೆಟ್ಟಿಲು ಇಳಿಸಿದರೆ ಇದಾಗುತ್ತದೆ. ಶೃಂಗೇರಿಯಿಂದ ಚಿಕ್ಕಮಗಳೂರು ಸುಮಾರು 90 ಕಿಲೋಮೀಟರ್. ಕೆರೆಕಟ್ಟೆಯವರಿಗೆ ಅದು ಇನ್ನೂ ದೂರ. ಬಸ್ಸಿನಲ್ಲಿ ಹೋಗಿ ತಜ್ಞರನ್ನು ಕಂಡು ಬರುವಷ್ಟರಲ್ಲಿ ದಿನವೂ ಹೋಗುತ್ತದೆ, ದಿನಗೂಲಿಯೂ ಹೋಗುತ್ತದೆ.

ವಿದ್ಯಾರ್ಥಿ ವೇತನದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಕೇಂದ್ರದ ಕಿರಿಯ ಸಂಶೋಧನಾ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ. ಅರ್ಹತಾ ಪರೀಕ್ಷೆ ದಾಟದ, ಆದರೆ ಪ್ರವೇಶ ಪಡೆದ ವಿದ್ಯಾರ್ಥಿಗೆ ರಾಜ್ಯವೇ ಅದಕ್ಕೆ ಸಮನಾದ ವೇತನ ಕೊಡಬೇಕು. ಪ್ರತಿ ವರ್ಷ ಕನಿಷ್ಠ ಒಂದು ಸ್ಥಾನವನ್ನಾದರೂ ಮಲೆನಾಡಿನ ತಾಲ್ಲೂಕುಗಳ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಮೀಸಲಿಡಬೇಕು. ರೋಗಿಯ ಮಾತು ಎಲ್ಲಿ ತಡವರಿಸಿತು ಎಂಬುದು ಆ ಮಾತನ್ನು ಮನೆಯಲ್ಲೇ ಕೇಳಿ ಬೆಳೆದವರಿಗೆ ಬೇಗ ತಿಳಿಯುತ್ತದೆ. ನೆನಪಿನ ಶಕ್ತಿ ಅಳೆಯುವ ಪ್ರಶ್ನೆಪತ್ರಿಕೆಗಳೂ ಶಾಲೆಯ ಮೆಟ್ಟಿಲು ಹತ್ತದ ಕೂಲಿಯವರಿಗೆ ಹೊಂದುವಂತಿರಬೇಕು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರೆ ಆಗದವರು, ಒಂದು ಗೊನೆಯಲ್ಲಿ ಎಷ್ಟು ಅಡಿಕೆಯಿದೆ ಎಂದು ಕಣ್ಣಂದಾಜಿನಲ್ಲೇ ಹೇಳುತ್ತಾರೆ.

ಕಡೆಯ ಬೇಡಿಕೆ, ನಮ್ಮ ಮಟ್ಟಿಗೆ ಬಿಡಲಾರದ್ದು. ರಕ್ತ ಕೊಟ್ಟವರಿಗೆ, ಪ್ರಶ್ನೆಗೆ ಉತ್ತರಿಸಿದವರಿಗೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಬೇಕು. ಬೇಡ ಎಂದರೆ ಚಿಕಿತ್ಸೆಗೆ ತೊಡಕಾಗಬಾರದು. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಆ ಸಾಲಿನಲ್ಲಿ ಕಂಡುಕೊಂಡದ್ದನ್ನು ಗ್ರಾಮಸಭೆಯ ಮುಂದೆ ಹೇಳಬೇಕು. ಪ್ರಬಂಧ ವಿದೇಶದ ಪತ್ರಿಕೆಯಲ್ಲಿ ಅಚ್ಚಾದ ಸುದ್ದಿ ನಮಗೆ ಎಂದೋ ಒಂದು ದಿನ ಯಾರಿಂದಲೋ ತಿಳಿಯುವುದು ಸಾಕಾಗಿದೆ.

ನಾವು ಕೇಳದಿರುವುದನ್ನೂ ಸ್ಪಷ್ಟಪಡಿಸುತ್ತೇವೆ. ಅಪಾಯಕಾರಿ ವೈರಾಣುವನ್ನು ಬೆಳೆಸುವ ಪ್ರಯೋಗಾಲಯವನ್ನು ಕೆರೆಕಟ್ಟೆಯಲ್ಲಾಗಲಿ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ತೆರೆಯಬೇಕೆಂದು ಕೇಳುತ್ತಿಲ್ಲ. ಅದು ತಕ್ಕ ಭದ್ರತೆಯಿರುವ ಕಡೆಯೇ ಇರಲಿ. ಹೊಸ ಕಟ್ಟಡವನ್ನೂ ಕೇಳುತ್ತಿಲ್ಲ. ಶಂಕುಸ್ಥಾಪನೆಯ ಕಲ್ಲುಗಳು ನಮ್ಮಲ್ಲಿ ಬೇಕಾದಷ್ಟಿವೆ.

2024ರ ಆರಂಭದಲ್ಲಿ ನಮ್ಮ ಮೂರೂ ತಾಲ್ಲೂಕುಗಳಲ್ಲಿ ಈ ಕಾಯಿಲೆ ಕಾಣಿಸಿಕೊಂಡಿತ್ತು. ಶೃಂಗೇರಿ ತಾಲ್ಲೂಕಿನ ಹಿರಿಯರೊಬ್ಬರು ತೀರಿಕೊಂಡರು. ಈ ಸಾಲಿನ ಕಾಯಿಲೆಯ ಕಾಲ ಶುರುವಾಗಲು ಎರಡು ತಿಂಗಳಿಲ್ಲ. ಪಿಎಚ್.ಡಿ. ಅನುಮತಿಗೆ ಸಮಯ ಹಿಡಿಯುತ್ತದೆ ಎಂಬುದು ಗೊತ್ತಿದೆ. ಬದುಕುಳಿದವರ ದಾಖಲೆ ಮತ್ತು ತಿಂಗಳಿಗೊಮ್ಮೆ ನರರೋಗ ತಜ್ಞರ ಭೇಟಿಯನ್ನಾದರೂ ಬರುವ ಡಿಸೆಂಬರ್‌ನಿಂದಲೇ ಆರಂಭಿಸಲು ಆದೇಶಿಸಬೇಕು. ಉಳಿದ ಬೇಡಿಕೆಗಳ ಕುರಿತು ಕಾಲೇಜಿನ ನಿರ್ದೇಶಕರು, ಜಿಲ್ಲಾ ಆರೋಗ್ಯಾಧಿಕಾರಿಗಳು ಮತ್ತು ನಮ್ಮ ಪ್ರತಿನಿಧಿಗಳ ಸಭೆಯನ್ನು ನವೆಂಬರ್ ಒಳಗೆ ಶೃಂಗೇರಿಯಲ್ಲಿ ಕರೆಯಬೇಕೆಂದು ವಿನಂತಿಸುತ್ತೇವೆ. ಸಭೆಯ ದಿನಾಂಕವನ್ನು ವಾರ ಮೊದಲೇ ತಿಳಿಸಿದರೆ ಕೊಯ್ಲಿನ ಕೆಲಸ ಹೊಂದಿಸಿಕೊಂಡು ಬರಲು ಅನುಕೂಲ.



ತಮ್ಮ ವಿಶ್ವಾಸಿಗಳು,
ಕೆರೆಕಟ್ಟೆ ಮತ್ತು ಸುತ್ತಲಿನ ಹಳ್ಳಿಗಳ ನಿವಾಸಿಗಳು
(ಸಹಿಗಳ ಹಾಳೆ ಲಗತ್ತಿಸಿದೆ)

ಪ್ರತಿಗಳು:
ನಿರ್ದೇಶಕರು, ನಿಮ್ಹಾನ್ಸ್, ಬೆಂಗಳೂರು.
ಕುಲಸಚಿವರು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರು.
ನಿರ್ದೇಶಕರು, ಚಿಕ್ಕಮಗಳೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ.
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು, ಚಿಕ್ಕಮಗಳೂರು.