ನಾಯಿಗೆ ಸೂಜಿ, ಗೋಡೆಗೇನು?

ನಾನು ಪಶುವೈದ್ಯನಾಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ದಿನಗಳು. ಬಿ.ದುರ್ಗದ ಕಡೆಯ ತೋಟದ ಮನೆಯೊಂದರಿಂದ ಕರಿಯ ಎಂಬ ನಾಯಿಯನ್ನು ಕರೆತಂದರು. ಮೈತುಂಬಾ ಉಣುಗು. ಇಂಜೆಕ್ಷನ್ ಹಾಕಿದೆ, ಉಣುಗು ಉದುರಿದವು. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಬಂತು, ಮತ್ತೆ ಇಂಜೆಕ್ಷನ್. ಮೂರನೆಯ ಸಲ ಮನೆಯ ಅಜ್ಜಿಯೂ ಜೊತೆಗೆ ಬಂದಿದ್ದರು.

"ಅಲ್ಲಪ್ಪ ಡಾಕ್ಟ್ರೇ, ನಾಯಿಗೆ ಸೂಜಿ ಹಾಕ್ತೀಯ. ಗ್ವಾಡೆಗೆ ಏನು ಹಾಕ್ತೀಯ?" ಎಂದರು.

ನಾನು ನಕ್ಕು ಸುಮ್ಮನಾದೆ. ನಾಲ್ಕನೆಯ ಸಲ ಬಂದಾಗ ಕರಿಯನ ವಸಡು ಬಿಳಿಚಿಕೊಂಡಿತ್ತು. ಉಣುಗಿನಿಂದ ಬರುವ ಜ್ವರ ರಕ್ತಕ್ಕೆ ಇಳಿದಿತ್ತು. ಅದು ಉಳಿಯಲಿಲ್ಲ.

ಆಮೇಲೆ ಆ ಮನೆಗೆ ಹೋಗಿ ನೋಡಿದೆ. ಕರಿಯ ಮಲಗುತ್ತಿದ್ದುದು ದನದ ಕೊಟ್ಟಿಗೆಯ ಮೂಲೆಯಲ್ಲಿ, ಹಳೆಯ ಗೋಣಿಚೀಲದ ಮೇಲೆ. ಪಕ್ಕದ ಮಣ್ಣುಗೋಡೆಯ ಬಿರುಕುಗಳಲ್ಲಿ ಉಣುಗು ಸಾಲುಗಟ್ಟಿದ್ದವು. ನಾಯಿಯ ಉಣುಗು ಬದುಕಿನ ಬಹುಕಾಲವನ್ನು ನಾಯಿಯ ಮೈಮೇಲೆ ಅಲ್ಲ, ಇಂಥ ಸಂದುಗಳಲ್ಲೇ ಕಳೆಯುತ್ತದೆ. ರಕ್ತ ಹೀರಿದ ಹೆಣ್ಣು ಕೆಳಗುದುರಿ ಸಾವಿರಾರು ಮೊಟ್ಟೆ ಇಡುತ್ತದೆ. ಇದು ನನ್ನ ಪಠ್ಯಪುಸ್ತಕದಲ್ಲೇ ಇತ್ತು. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೆ ನಾಯಿ ಎದುರಿಗೆ ಬಂದಾಗ ನಾಯಿಯನ್ನಷ್ಟೇ ನೋಡಿದೆ. ಗೋಡೆಯ ಬಿರುಕು ಮುಚ್ಚಿ ಸುಣ್ಣ ಬಳಿಸಿ, ಗೋಣಿಚೀಲ ಸುಟ್ಟುಹಾಕಿದ್ದರೆ ಕರಿಯ ಉಳಿಯುತ್ತಿತ್ತೋ ಏನೋ.

ಪ್ರಾಣಿಯ ಆಹಾರ, ಮಲಗುವ ಜಾಗ, ಓಡಾಟ, ಸಾಕಿದವರ ಸ್ವಭಾವ ಎಲ್ಲವನ್ನೂ ಸೇರಿಸಿ ನೋಡುವ ಚಿಕಿತ್ಸೆಯನ್ನು ಈಗ 'ಸಮಗ್ರ ಆರೈಕೆ' ಎನ್ನುತ್ತಾರೆ. ಅಮೆರಿಕದಲ್ಲಿ ಈ ದಾರಿಯ ಪಶುವೈದ್ಯರು 1982ರಲ್ಲೇ ಸಂಘ ಕಟ್ಟಿಕೊಂಡರು. ನಮ್ಮಲ್ಲಿ ಇದು ಬೆಳೆದದ್ದು ಹೆಚ್ಚಾಗಿ ದನಗಳ ಕೊಟ್ಟಿಗೆಯಲ್ಲಿ. ತಮಿಳುನಾಡಿನ ಪಶುವೈದ್ಯ ಪ್ರಾಧ್ಯಾಪಕ ಡಾ. ಎನ್. ಪುಣ್ಯಮೂರ್ತಿ ಹಳ್ಳಿಯ ಮದ್ದುಗಳನ್ನು ಅಳತೆಗೆ ತಂದು ಒರೆಗೆ ಹಚ್ಚಿದರು. ಬೆಂಗಳೂರಿನ ಯಲಹಂಕದ ಬಳಿ ಇರುವ ಟಿಡಿಯು ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಅವನ್ನು ಹಾಲು ಉತ್ಪಾದಕರಿಗೆ ಮುಟ್ಟಿಸಿದವು.

ಕೆಚ್ಚಲು ಬಾವಿಗೆ ಅವರು ಹೇಳುವ ಮದ್ದು ನೋಡಿ. 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಸೇರಿಸಿ ಅರೆಯಬೇಕು. ಕೆಂಪಗಾದ ಈ ಮದ್ದನ್ನು ಸ್ವಲ್ಪ ಸ್ವಲ್ಪವೇ ನೀರಿನಲ್ಲಿ ಕಲಸಿ, ತೊಳೆದ ಕೆಚ್ಚಲಿಗೆ ದಿನಕ್ಕೆ ಎಂಟು-ಹತ್ತು ಸಲ ಹಚ್ಚಬೇಕು. ಬಾವಿನ ಆರಂಭದಲ್ಲಿ ಇದು ಬಲು ಉಪಯುಕ್ತ. ಆಂಟಿಬಯಾಟಿಕ್ ಕೊಟ್ಟರೆ ಕೆಲವು ದಿನ ಹಾಲು ಮಾರುವಂತಿಲ್ಲ. ಡೇರಿಯ ಬಟವಾಡೆಯನ್ನೇ ನಂಬಿದ ಮನೆಗೆ ಅದು ದೊಡ್ಡ ನಷ್ಟ. ಮಾರಿದರೆ ಆ ಔಷಧ ಕುಡಿಯುವವರ ಹೊಟ್ಟೆಗೆ ಹೋಗುತ್ತದೆ. ಹಸು ಮೇವು ಬಿಟ್ಟರೆ, ಜ್ವರ ಏರಿದರೆ ಮಾತ್ರ ಕಾಯದೆ ವೈದ್ಯರನ್ನು ಕರೆಯಬೇಕು.

ಈಚೆಗೆ ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ತಂದೆಯ ಜೊತೆ ಬಂದಿದ್ದಳು. ಪಶುವೈದ್ಯೆ ಆಗಬೇಕೆಂಬ ಆಸೆ ಅವಳದು. ತಂದೆಗೆ ಒಂದು ಅನುಮಾನ. "ಅರಿಶಿನ, ಸುಣ್ಣ ಹಚ್ಚೋಕೆ ಐದೂವರೆ ವರ್ಷ ಓದಬೇಕಾ ಸಾರ್?"

ನ್ಯಾಯವಾದ ಪ್ರಶ್ನೆಯೇ. ಅರಿಶಿನ ಎಲ್ಲಿ ಸಾಲದು ಎಂದು ತಿಳಿಯುವುದಕ್ಕೇ ಓದಬೇಕು ಎಂದೆ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಯಾವ ಬೇರು, ಯಾವ ನಾರೂ ಉಳಿಸುವುದಿಲ್ಲ. ಮೂರು ತಿಂಗಳ ಮರಿಗೆ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ ಮುಂದಿನ ಲಸಿಕೆಗಳು. ನಾಯಿ ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ. ಸಮಗ್ರ ಆರೈಕೆಯ ಮೊದಲ ಪಾಠ ಇದೇ. ಎರಡನೆಯದು, ನಮಗೆ ಒಗ್ಗಿದ್ದು ಅವಕ್ಕೆ ಒಗ್ಗೀತು ಎಂದು ಭಾವಿಸದಿರುವುದು. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತವನ್ನೇ ಕೆಡಿಸುತ್ತವೆ. ದ್ರಾಕ್ಷಿ ಅದರ ಮೂತ್ರಪಿಂಡಕ್ಕೆ ಕುತ್ತು.

ಆಸಕ್ತ ವಿದ್ಯಾರ್ಥಿಗಳಿಗೆ ಎರಡು ಮಾತು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ಪದವಿಯ ಐದೂವರೆ ವರ್ಷದಲ್ಲಿ ಕೊನೆಯ ಒಂದು ವರ್ಷ ಪ್ರಾಯೋಗಿಕ ತರಬೇತಿ. 1958ರಲ್ಲಿ ಆರಂಭವಾದ ಹೆಬ್ಬಾಳದ ಕಾಲೇಜು ರಾಜ್ಯದಲ್ಲಿ ಹಳೆಯದು. ನಮ್ಮ ಹೊಳಲ್ಕೆರೆ ಕಡೆಯವರಿಗೆ ಹತ್ತಿರದ್ದು ಶಿವಮೊಗ್ಗದ್ದು. ಪ್ರವೇಶದ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಪದವಿ ಮುಗಿಯುವ ಮೊದಲೇ ಸೊಪ್ಪುಸದೆಯ ವೈದ್ಯರಾಗಲು ಹೊರಡಬೇಡಿ. ರೋಗ ಯಾವುದೆಂದು ಗೊತ್ತಾದ ಮೇಲೆಯೇ ಮದ್ದಿನ ಮಾತು.

ಪಾಲಕರಿಗೂ ಒಂದು ಮಾತಿದೆ. ಮಕ್ಕಳು ನಾಯಿಮರಿ ಬೇಕೆಂದು ಹಟ ಹಿಡಿದರೆ, ಅದರ ಬಟ್ಟಲು ತೊಳೆಯುವ, ಮಲಗುವ ಜಾಗ ಗುಡಿಸುವ, ಮೈಸವರಿ ಉಣುಗು ಹುಡುಕುವ ಕೆಲಸವನ್ನು ಅವರಿಗೇ ವಹಿಸಿ. ವೈದ್ಯ ವಿದ್ಯೆ ಅಲ್ಲಿಂದಲೇ ಶುರುವಾಗುತ್ತದೆ.

ನಾಯಿಗೆ ಉಣುಗು ಎಂದು ಯಾರೇ ಬಂದರೂ ಈಗ ನಾನು ಮೊದಲು ಕೇಳುವುದು, "ಇದು ಎಲ್ಲಿ ಮಲಗುತ್ತೆ?" ಎಂದು. ಅಜ್ಜಿ ಈಗಿಲ್ಲ. ಅವರ ಪ್ರಶ್ನೆಯನ್ನು ನಾನು ಇಟ್ಟುಕೊಂಡಿದ್ದೇನೆ.