ರೆಕ್ಸಮ್ಮಿನ ಗೋರಿ, ಮದ್ರಾಸಿನ ಲೆಕ್ಕ

ಮಾನ್ಯ ಸಂಪಾದಕರೇ,

ವೇಲ್ಸ್‌ನ ರೆಕ್ಸಮ್‌ನಲ್ಲಿರುವ ಸೇಂಟ್ ಜೈಲ್ಸ್ ಚರ್ಚಿನ ಬಗ್ಗೆ ಪತ್ರಿಕೆಯಲ್ಲಿ ಬಂದ ಪ್ರವಾಸ ಬರಹ ಸೊಗಸಾಗಿತ್ತು. ಸುಮಾರು 135 ಅಡಿ ಎತ್ತರದ ಗೋಪುರ, ಬರ್ಶಮ್‌ನ ಡೇವಿಸ್ ಸೋದರರ ಕಬ್ಬಿಣದ ಗೇಟುಗಳ ಕುಸುರಿ, ಎಲ್ಲಕ್ಕೂ ಜಾಗ ಸಿಕ್ಕಿದೆ. ಅಂಗಳದಲ್ಲಿ ಗೋಪುರದ ಬದಿಗಿರುವ ಎಲೈಹು ಯೇಲ್‌ನ ಗೋರಿಗೆ ಮಾತ್ರ ಸಿಕ್ಕಿದ್ದು ‘ವಿದ್ಯಾದಾನಿ’ ಎಂಬ ಒಂದೇ ಪದ. ದೂರದ ಅಮೆರಿಕದವರು ಹಾಗೆ ಬರೆದರೆ ಸರಿ. ಮದ್ರಾಸಿಗೆ ರಾತ್ರಿ ರೈಲು ಹತ್ತಿ ಹೋಗುವ ನಾವೂ ಹಾಗೇ ಬರೆಯಬೇಕೆ?

ಬಾಸ್ಟನ್ನಿನಲ್ಲಿ ಹುಟ್ಟಿದ ಯೇಲ್ 1672ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನಾಗಿ ಮದ್ರಾಸಿಗೆ ಬಂದ. ವರ್ಷಕ್ಕೆ ಸಂಬಳ 10 ಪೌಂಡ್. 1687ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆದ; ಸ್ವಂತ ವ್ಯಾಪಾರದಿಂದ ಜೇಬು ತುಂಬಿಸಿಕೊಂಡ ಆರೋಪದ ಮೇಲೆ 1692ರಲ್ಲಿ ಕಂಪನಿಯೇ ಅವನನ್ನು ಕೆಳಗಿಳಿಸಿತು. ಯೂರೋಪಿಗೆ ಹೊರಡುವ ಹಡಗುಗಳಲ್ಲಿ ತಲಾ ಕನಿಷ್ಠ 10 ಗುಲಾಮರನ್ನು ಕಳಿಸಬೇಕೆಂದು ಮದ್ರಾಸಿನ ಕೌನ್ಸಿಲ್ ಆದೇಶಿಸಿದ್ದು ಅವನ ಆಳ್ವಿಕೆಯಲ್ಲೇ.

ಇನ್ನು ದಾನ. 1718ರಲ್ಲಿ ಅವನು ಕಳಿಸಿದ್ದು ಒಂಬತ್ತು ಮೂಟೆ ಸರಕು, 417 ಪುಸ್ತಕ, ದೊರೆ ಜಾರ್ಜನ ಒಂದು ಚಿತ್ರ. ಸರಕು ಮಾರಿ ಬಂದ ಸುಮಾರು 560 ಪೌಂಡಿಗೆ ಅಮೆರಿಕದ ಕಾಲೇಜೊಂದು, ಅಂದರೆ ಇಂದಿನ ಯೇಲ್ ವಿಶ್ವವಿದ್ಯಾಲಯ, ಅವನ ಹೆಸರನ್ನೇ ಇಟ್ಟುಕೊಂಡಿತು. ಅಗ್ಗದ ಅಮರತ್ವ!

ಗೋರಿಯ ಮೇಲಿನ ಪದ್ಯ ಲೇಖಕರಿಗಿಂತ ಪ್ರಾಮಾಣಿಕ. ಏಷ್ಯಾದಲ್ಲಿ ಬಾಳಿ ಬೆಳೆದವನೆಂದು ಹೇಳಿ, ಒಳ್ಳೆಯದರ ಜೊತೆ ಒಂದಿಷ್ಟು ಕೆಟ್ಟದ್ದನ್ನೂ ಮಾಡಿದನೆಂದು ಅದು ಒಪ್ಪಿಕೊಳ್ಳುತ್ತದೆ. ಹೇಗೆ ಬೆಳೆದ, ಯಾರ ಪಾಲಿಗೆ ಕೆಟ್ಟದ್ದಾಯಿತು ಎಂಬುದಷ್ಟೇ ಕಲ್ಲಿನ ಮೇಲಿಲ್ಲ. ಅದನ್ನು ಹೇಳಬೇಕಾದವರು ಬರಹಗಾರರು. ಯೇಲ್ ವಿಶ್ವವಿದ್ಯಾಲಯವೇ ಗುಲಾಮಗಿರಿಯೊಡನಿದ್ದ ತನ್ನ ನಂಟಿಗಾಗಿ 2024ರ ಫೆಬ್ರವರಿಯಲ್ಲಿ ಕ್ಷಮೆ ಕೇಳಿರುವಾಗ ನಮಗೇಕೆ ಈ ದಾಕ್ಷಿಣ್ಯ?

ಹಾಗೆಂದು ಗೋರಿಯನ್ನು ಕಿತ್ತೆಸೆಯಿರಿ ಎನ್ನುವವರ ಪರ ಈ ಪತ್ರವಲ್ಲ. ಯೇಲ್‌ನ ಪುಟ್ಟ ಮಗ ಡೇವಿಡ್‌ನ ಸಮಾಧಿ ಚೆನ್ನೈ ಹೈಕೋರ್ಟಿನ ಪಕ್ಕದ ಹಳೆಯ ಕಾನೂನು ಕಾಲೇಜಿನ ಆವರಣದಲ್ಲಿದೆ. ವಾಹನ ನಿಲುಗಡೆಗೆ ಜಾಗ ಬೇಕೆಂಬ ಅರ್ಜಿಯ ಮೇಲೆ, ಅದನ್ನು ಸ್ಥಳಾಂತರಿಸುವಂತೆ ಹೈಕೋರ್ಟಿನ ಏಕಸದಸ್ಯ ಪೀಠ 2023ರಲ್ಲಿ ಹೇಳಿತ್ತು. ಅಪ್ಪನ ಗೋರಿ ಅಲ್ಲಿ, ಮಗನದು ಇಲ್ಲಿ. ಒಂದನ್ನು ಓದದೆ ಇನ್ನೊಂದು ಅರ್ಥವಾಗದು. ಎರಡೂ ಇದ್ದಲ್ಲೇ ಇರಲಿ. ಮುಂದಿನ ಸಂಚಿಕೆಯಲ್ಲಿ ಚೆನ್ನೈನ ಸಮಾಧಿಯ ಚಿತ್ರವನ್ನೂ, ಗವರ್ನರನ ಐದು ವರ್ಷಗಳ ವಿವರವನ್ನೂ ಪ್ರಕಟಿಸಬೇಕೆಂದು ಕೋರಿಕೆ.

ಇಂತಿ,
ಒಬ್ಬ ಓದುಗ